ಬೆಂಚಿನ ಮೇಲೊಬ್ಬ ಅಜ್ಜಿ

ಜಿಂಬಾಬ್ವೆಯ ರಾಜಧಾನಿ ಹರಾರೆ. ಕ್ಲಿನಿಕ್ ಹೊರಗೊಂದು ಮರದ ಬೆಂಚು, ಅದರ ಮೇಲೊಬ್ಬ ಅಜ್ಜಿ. ಔಷಧಿ ಕೊಡಲ್ಲ, ಕಿವಿ ಕೊಡ್ತಾರೆ.

2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ಇದನ್ನ ಶುರುಮಾಡಿದ್ದು 14 ಅಜ್ಜಿಯರ ಜೊತೆ. ಮೊದಲಿಟ್ಟ ಹೆಸರು ‘ಮಾನಸಿಕ ಆರೋಗ್ಯದ ಬೆಂಚು’. ಅದರ ಮೇಲೆ ಯಾರು ಕೂರ್ತಾರೆ ಹೇಳಿ? ಅಜ್ಜಿಯರ ಮಾತು ಕೇಳಿ ‘ಸ್ನೇಹದ ಬೆಂಚು’ ಆಯ್ತು.

ಅಲ್ಲಿನ ಶೋನಾ ಭಾಷೇಲಿ ‘ಕುಫುಂಗಿಸಿಸಾ’ ಅಂದ್ರೆ ಅತಿಯಾಗಿ ಯೋಚಿಸೋದು. ನಾವು ‘ತಲೆ ಕೆಡಿಸ್ಕೊಂಡಿದಾನೆ’ ಅಂತೀವಲ್ಲ, ಹೆಚ್ಚುಕಮ್ಮಿ ಹಾಗೆ. ಹಾಗಾದವರು ಬಂದು ಕೂರೋದು ಈ ಬೆಂಚಿನ ಮೇಲೆ. ಅಜ್ಜಿ ಬುದ್ಧಿವಾದ ಹೇಳಲ್ಲ. ನೂರು ಕಷ್ಟದಲ್ಲಿ ಒಂದನ್ನ ನೀವೇ ಆರಿಸ್ಬೇಕು, ದಾರೀನೂ ನೀವೇ ಹುಡುಕ್ಬೇಕು. ನಿಮ್ಮ ಮೇಲೆ ನಿಮಗೇ ಅಕ್ಕರೆ ಮರಳೋದು ಅಲ್ಲೇ.

ಆಮೇಲೆ? ಬೆಂಚಿಗೆ ಬಂದವರು ಅಂಥದ್ದೇ ನೋವುಂಡವರ ಗುಂಪು ಸೇರ್ತಾರೆ. ಮಾತಾಡ್ತಾ ಆಡ್ತಾ, ಬಿಸಾಕಿದ ಪ್ಲಾಸ್ಟಿಕ್‌ನಿಂದ ಚೀಲ ಹೆಣೀತಾರೆ.