ಗಡಿನಾಡಿನ ಮೂರು ಹಳಿಗಳು

ಗಡಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ರಾಜ್ಯಗಳ ನಕಾಶೆಯ ಗೆರೆ. 1956ರ ನವೆಂಬರ 1ರಂದು ವಿಜಾಪುರ, ಧಾರವಾಡ ಜಿಲ್ಲೆಗಳೂ ಚಂದಗಡ ತಾಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆಯೂ ಮುಂಬಯಿ ರಾಜ್ಯದಿಂದ ಹೊರಟು ಮೈಸೂರು ರಾಜ್ಯವನ್ನು ಸೇರಿದವು. ಸೊಲ್ಲಾಪುರ, ಅಕ್ಕಲಕೋಟ, ಜತ್ತಗಳು ಇದ್ದಲ್ಲಿಯೇ ಉಳಿದು, 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾದವು. ಈ ಗೆರೆಯನ್ನು ಕುರಿತು ಬರೆದವರು ಬಹಳ ಜನ. ಆದರೆ ಅದಕ್ಕೆ 70 ವರ್ಷ ಮೊದಲೇ ನಮ್ಮ ನೆಲದ ಮೇಲೆ ಕಬ್ಬಿಣದಲ್ಲಿ ಎಳೆದ ಇನ್ನೊಂದು ಗೆರೆಯಿತ್ತು. ಅದು ರೇಲ್ವೆ ಹಳಿಯ ಅಳತೆ ಬದಲಾಗುವ ಗೆರೆ. ಅದರ ಕಥೆಯನ್ನು ಬರೆದಿಟ್ಟವರು ವಿರಳ. ಅದನ್ನು ಕಣ್ಣಾರೆ ಕಂಡ ಕೊನೆಯ ತಲೆಮಾರು ಈಗ ನಿವೃತ್ತಿಯ ಹೊಸ್ತಿಲಲ್ಲಿದೆ. ಆದುದರಿಂದ ಈ ವಿಷಯವನ್ನು ಅಧ್ಯಾಪಕ ಬಂಧುಗಳ ಮುಂದೆ ಇಡಬೇಕೆಂದು ನಮಗೆ ಅನಿಸಿದೆ.

ಮೊದಲು ಅಳತೆಯ ಮಾತು. ಎರಡು ಹಳಿಗಳ ಒಳಬದಿಗಳ ನಡುವಿನ ಅಂತರವೇ ಗೇಜು. ನಮ್ಮ ದೇಶದಲ್ಲಿ ಬ್ರಾಡ್‌ಗೇಜ್ ಎಂದರೆ ಐದೂವರೆ ಅಡಿ, ಅಂದರೆ 1676 ಮಿಲಿಮೀಟರ್. ಮೀಟರ್‌ಗೇಜ್ ಎಂದರೆ ಸರಿಯಾಗಿ ಒಂದು ಮೀಟರು. ನಮ್ಮ ಭಾಗದ ನ್ಯಾರೋಗೇಜ್ ಎಂದರೆ ಎರಡೂವರೆ ಅಡಿ, 762 ಮಿಲಿಮೀಟರ್. ಒಂದು ಅಳತೆಯ ಗಾಡಿ ಇನ್ನೊಂದು ಅಳತೆಯ ಹಳಿಯ ಮೇಲೆ ಓಡಲಾರದು. ಅಳತೆ ಬದಲಾಗುವ ಊರಿನಲ್ಲಿ ಮನುಷ್ಯನೂ ಇಳಿಯಬೇಕು, ಮೂಟೆಯೂ ಇಳಿಯಬೇಕು.

ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೇಲ್ವೆಯ ಬ್ರಾಡ್‌ಗೇಜ್ ಹಳಿಯು ಮುಂಬಯಿಯಿಂದ ಹೊರಟು 1860ರಲ್ಲಿ ಸೊಲ್ಲಾಪುರಕ್ಕೆ ಬಂದಿತು. 1871ರಲ್ಲಿ ರಾಯಚೂರಿನವರೆಗೆ ಸಾಗಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಅಷ್ಟರೊಳಗೆ, 1870ರಲ್ಲಿ, ಲಾರ್ಡ್ ಮೇಯೋನ ಸರಕಾರವು ಕಡಿಮೆ ವೆಚ್ಚದ ದಾರಿಗಳಿಗೆ ಮೀಟರ್ ಅಳತೆಯನ್ನು ಒಪ್ಪಿಕೊಂಡಿತ್ತು. ತರುವಾಯ ಬಂದದ್ದು 1876–78ರ ಘೋರ ಬರಗಾಲ. ವಿಜಾಪುರ ಸೀಮೆಯ ಹಳ್ಳಿಗಳು ಬರಿದಾದವು. ಧಾನ್ಯವಿದ್ದ ಊರಿನಿಂದ ಧಾನ್ಯವಿಲ್ಲದ ಊರಿಗೆ ಅದನ್ನು ಸಾಗಿಸುವ ದಾರಿಯೇ ಇರಲಿಲ್ಲ. ಬರಗಾಲ ಆಯೋಗವು 1880ರಲ್ಲಿ ರೇಲ್ವೆಯ ಅಗತ್ಯವನ್ನು ಒತ್ತಿ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೋಟಗಿಯಿಂದ ಭೀಮೆಯನ್ನು ದಾಟಿ ವಿಜಾಪುರ, ಕೃಷ್ಣೆಯನ್ನು ದಾಟಿ ಬಾಗಲಕೋಟೆ, ಬಾದಾಮಿ, ಗದಗು ಹೀಗೆ ಮೀಟರ್ ಹಳಿಯ ಮೇಲೆ ಗಾಡಿ ಓಡತೊಡಗಿತು. ಅಲ್ಲಿಂದ ಹುಬ್ಬಳ್ಳಿ, ಬಳ್ಳಾರಿ, ಬೆಂಗಳೂರುಗಳಿಗೂ ಅದೇ ಅಳತೆಯ ದಾರಿ.

ಹೀಗಾಗಿ ಸೊಲ್ಲಾಪುರಕ್ಕೆ ಕೂಗಳತೆಯಲ್ಲಿರುವ ಹೋಟಗಿಯು ಎರಡು ಲೋಕಗಳ ಕೂಡುದಾಣವಾಯಿತು. ಬ್ರಾಡ್ ಹಳಿ ಅಕ್ಕಲಕೋಟ ರೋಡ್, ದುಧನಿಗಳನ್ನು ದಾಟಿ ಕಲಬುರ್ಗಿಯ ಕನ್ನಡ ನಾಡಿಗೂ ಹೋಗುತ್ತಿತ್ತು ಎಂಬುದು ನಿಜ. ಆದರೆ ಅದು ಮುಂಬಯಿ–ಮದ್ರಾಸುಗಳ ಹೆದ್ದಾರಿ. ಅದರ ಮೇಲ್ ಗಾಡಿಗಳು ನಮ್ಮ ಸಣ್ಣ ಊರುಗಳನ್ನು ಧೂಳೆಬ್ಬಿಸಿ ದಾಟಿ ಹೋಗುವಂಥವು. ಮೀಟರ್ ಹಳಿಯ ಪ್ಯಾಸೆಂಜರ್ ಗಾಡಿ ಹಾಗಲ್ಲ. ಅದು ಸೂಲೇರಜವಳಗಿ, ಲಚ್ಯಾಣ, ಇಂಡಿ ರೋಡ್, ಮಿಂಚನಾಳ ಎಂದು ನಿಂತು ನಿಂತು, ಹತ್ತುವವರನ್ನು ಹತ್ತಿಸಿಕೊಂಡು, ಇಳಿಯುವವರನ್ನು ಇಳಿಸಿ ನಡೆಯುತ್ತಿತ್ತು. ಸೊಲ್ಲಾಪುರದಿಂದ ಗದಗಿಗೆ ಸುಮಾರು 300 ಕಿಲೋಮೀಟರು. ಅದಕ್ಕೆ ಹೆಚ್ಚುಕಡಿಮೆ ಇಡೀ ಹಗಲು ಬೇಕಾಗುತ್ತಿತ್ತು.

ನಮ್ಮ ತಾಯಿಯ ತವರು ಬಾದಾಮಿಯ ಕಡೆ. 1970ರ ದಶಕದಲ್ಲಿ ದಸರೆಯ ಸೂಟಿಗೂ ಬೇಸಿಗೆಯ ಸೂಟಿಗೂ ಈ ಗಾಡಿಯೇ ನಮಗೆ ಗತಿ. ಮೂರನೆಯ ದರ್ಜೆ ಎಂಬ ಹೆಸರು 1974ರಲ್ಲಿ ಹೋಗಿ ಎರಡನೆಯ ದರ್ಜೆ ಎಂದಾಗಿತ್ತು. ಹಲಗೆಯ ಬಾಂಕು ಮಾತ್ರ ಅದೇ. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಇದ್ದಲ ಕಣ ಬೀಳುವುದು ಖಂಡಿತ. ದಪ್ಪ ರಟ್ಟಿನ ಸಣ್ಣ ತಿಕೀಟಿಗೆ ಮಾಸ್ತರರು ಯಂತ್ರದಲ್ಲಿ ತಾರೀಖು ಒತ್ತಿದಾಗ ಆಗುವ ‘ಟಕ್’ ಸಪ್ಪಳ ಪ್ರಯಾಣದ ಆರಂಭದ ಗುರುತು. ಬುತ್ತಿಯ ಗಂಟು ಬಿಚ್ಚಿದರೆ ಕಟಕ ರೊಟ್ಟಿ, ಶೇಂಗಾ ಚಟ್ನಿ. ಎದುರಿಗೆ ಕುಳಿತವರ ಗಂಟಿನಲ್ಲಿಯೂ ಅದೇ. ಹೋಟಗಿಯಲ್ಲಿ ಬ್ರಾಡ್ ಗಾಡಿ ಇಳಿದು ಬಂದವರು ಮರಾಠಿ, ಹಿಂದಿ ಬೆರೆಸಿ ಮಾತನಾಡುತ್ತಿದ್ದರು. ಮೀಟರ್ ಗಾಡಿಯ ಡಬ್ಬಿಯಲ್ಲಿ ಕುಳಿತರೆ ಅವರೇ ಕನ್ನಡಕ್ಕೆ ಹೊರಳುತ್ತಿದ್ದರು. ಸೊಲ್ಲಾಪುರದ ಗಿರಣಿಗಳಲ್ಲಿ ದುಡಿಯುವ ಇಂಡಿ, ವಿಜಾಪುರ ಕಡೆಯ ಮಂದಿ ಹಬ್ಬಕ್ಕೆ ಊರಿಗೆ ಹೋಗುತ್ತಿದ್ದುದೂ, ಹುಬ್ಬಳ್ಳಿಯ ಕನ್ನಡ ಪತ್ರಿಕೆಯ ಕಟ್ಟು ನಮ್ಮ ತಂದೆಯವರ ಕೈಗೆ ಬರುತ್ತಿದ್ದುದೂ ಈ ದಾರಿಯಿಂದಲೇ. ಶಾಲೆಯ ಹೊರಗೆ ನಾವು ಕೂಡಿಸಿ ಓದಿದ ಮೊದಲ ಕನ್ನಡ ಅಕ್ಷರಗಳು ಈ ಸ್ಟೇಶನ್ನುಗಳ ಫಲಕಗಳವು.

ಹಳಿ ಹಾಕಿದವರು ಭಾಷೆಯನ್ನು ನೋಡಿ ಹಾಕಲಿಲ್ಲ. ಬರಗಾಲದ ಭಯ, ಹತ್ತಿಯ ವ್ಯಾಪಾರ, ವೆಚ್ಚದ ಲೆಕ್ಕ ಇವೇ ಅವರ ಕಾರಣಗಳು. ಆದರೆ ಕಾರಣ ಬೇರೆ, ಪರಿಣಾಮ ಬೇರೆ. ರಾಜ್ಯಗಳ ಗೆರೆ ಭೀಮೆಯ ಆಸುಪಾಸಿನಲ್ಲಿ ಬಿದ್ದ ಮೇಲೆ, ಗೆರೆಯ ಈಚಿನ ಕನ್ನಡಿಗರನ್ನು ಆಚಿನವರೊಡನೆ ಕಡಿಮೆ ದುಡ್ಡಿನಲ್ಲಿ ಕಟ್ಟಿಹಾಕಿದ ನೂಲು ಈ ಒಂದು ಮೀಟರಿನ ಹಳಿಯೇ ಎಂದು ನಾವು ತಿಳಿಯುತ್ತೇವೆ. ಹೆಣ್ಣು ಕೊಡುವುದು ತರುವುದು, ಜಾತ್ರೆ, ದನದ ಸಂತೆ, ಶಿಕ್ಷಕರ ತರಬೇತಿ, ಎಲ್ಲಕ್ಕೂ ಅದರ ವೇಳೆಯೇ ವೇಳೆ.

ಈ ದಾರಿಯ ಕೆಲಸದ ಒಂದು ವಿಧಾನವನ್ನು ಮಕ್ಕಳಿಗೆ ವಿವರಿಸುವುದು ಉಪಯುಕ್ತ. ಒಂಟಿ ಹಳಿಯ ಮೇಲೆ ಎದುರುಬದುರಾಗಿ ಎರಡು ಗಾಡಿಗಳು ಬರದಂತೆ ತಡೆಯುವುದು ಹೇಗೆ? ಎರಡು ಸ್ಟೇಶನ್ನುಗಳಲ್ಲಿ ತಂತಿಯಿಂದ ಜೋಡಿಸಿದ ಎರಡು ಯಂತ್ರಗಳು. ಅವುಗಳ ಹೊಟ್ಟೆಯಲ್ಲಿ ಲೋಹದ ಗುಂಡುಗಳು. ಒಂದು ಗುಂಡು ಹೊರಗೆ ಬಂದರೆ, ಅದು ಮತ್ತೆ ಯಾವುದಾದರೂ ಒಂದು ಯಂತ್ರದೊಳಗೆ ಬೀಳುವ ತನಕ ಎರಡನೆಯದು ಎರಡೂ ಕಡೆ ಹೊರಬರದು. ಆ ಗುಂಡನ್ನು ಚೀಲದಲ್ಲಿಟ್ಟು ದೊಡ್ಡ ಬಳೆಗೆ ಕಟ್ಟಿ ಡ್ರೈವರನಿಗೆ ಕೊಡುತ್ತಿದ್ದರು. ಗುಂಡು ಕೈಯಲ್ಲಿದ್ದವನಿಗಷ್ಟೇ ಮುಂದಿನ ಸ್ಟೇಶನ್ನಿನವರೆಗೆ ದಾರಿ. ಓಡುವ ಗಾಡಿಯಿಂದ ಒಬ್ಬನು ಬಳೆಯನ್ನು ಎಸೆದು ಇನ್ನೊಂದನ್ನು ತೋಳಿನಲ್ಲಿ ಹಿಡಿಯುವ ಚಮತ್ಕಾರವನ್ನು ನೋಡಲು ನಾವು ಹುಡುಗರು ಬೇಲಿಯ ಬಳಿ ಕಾಯುತ್ತಿದ್ದೆವು.

ಮೂರನೆಯ ಹಳಿ ಬಾರ್ಶಿ ಲೈಟ್ ರೇಲ್ವೆಯದು. ಎವರಾರ್ಡ್ ಕ್ಯಾಲ್ಥ್ರಾಪ್ ಎಂಬ ಇಂಜಿನಿಯರನು ಇದರ ಕರ್ತೃ. ಹಳಿಯ ತೂಕವನ್ನೂ ಸೇತುವೆಯ ಗಟ್ಟಿತನವನ್ನೂ ನಿರ್ಧರಿಸುವುದು ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರ. ಇಂಜಿನಿಗಾಗಲಿ ಡಬ್ಬಿಗಾಗಲಿ ಒಂದು ಅಚ್ಚಿನ ಮೇಲೆ 5 ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಹಂಚಿದರೆ ಹಗುರ ಹಳಿಯೇ ಸಾಕು, ವೆಚ್ಚವೂ ಅಲ್ಪ ಎಂಬುದು ಅವನ ಸಿದ್ಧಾಂತ. ಕುರ್ಡುವಾಡಿಯಿಂದ ಬಾರ್ಶಿಗೆ 1897ರಲ್ಲಿ, ಪಂಢರಪುರಕ್ಕೆ 1906ರಲ್ಲಿ, ಲಾತೂರಿಗೆ 1911ರಲ್ಲಿ, ಮೀರಜಕ್ಕೆ 1927ರಲ್ಲಿ ಈ ಹಳಿ ಮುಟ್ಟಿತು. ಒಟ್ಟು ಉದ್ದ ಸುಮಾರು 200 ಮೈಲಿ. 1954ರ ಜನವರಿ 1ರಂದು ಸರಕಾರ ಅದನ್ನು ಕೊಂಡಿತು. ಪುಣೆಯ ಕಡೆಯಿಂದ 1971ರಲ್ಲಿ ಬ್ರಾಡ್ ಹಳಿ ಬಂದ ಮೇಲೆ ಮೀರಜವು ಮೂರೂ ಅಳತೆಗಳ ಊರಾಯಿತು: ಪುಣೆಗೆ ದೊಡ್ಡದು, ಬೆಳಗಾವಿಗೆ ನಡುವಿನದು, ಪಂಢರಪುರಕ್ಕೆ ಸಣ್ಣದು.

ಪುರಂದರದಾಸರ ಅಂಕಿತದಲ್ಲಿಯೇ ವಿಠ್ಠಲನಿರುವಾಗ ಪಂಢರಪುರ ಕನ್ನಡಿಗರಿಗೆ ಪರಸ್ಥಳವಲ್ಲ. ನಮ್ಮ ಅಜ್ಜಿಯವರು ಆಷಾಢ ಏಕಾದಶಿಗೆ ಕುರ್ಡುವಾಡಿಯಲ್ಲಿ ಇಳಿದು ಸಣ್ಣ ಗಾಡಿ ಹತ್ತುತ್ತಿದ್ದರು. ಡಬ್ಬಿಯೊಳಗೆ ಹಿಡಿಸದ ಜನ ಡಬ್ಬಿಯ ಮೇಲೆ ಕೂಡುತ್ತಿದ್ದರು. ದರ್ಶನ ತೀರಿಸಿ ಅದೇ ಹಳಿಯ ಮೇಲೆ ಸಾಂಗೋಲಾ ದಾಟಿ ಜತ್ತ ರೋಡಿನಲ್ಲಿ ಇಳಿದು ನಮ್ಮ ಸೋದರತ್ತೆಯ ಮನೆಗೆ ಹೋಗುವುದೂ ಉಂಟು. ಜತ್ತ ರೋಡ್ ಎಂದರೆ ಜತ್ತವಲ್ಲ. ಊರು ಅಲ್ಲಿಂದ ಹಲವು ಮೈಲಿ ದಕ್ಷಿಣಕ್ಕೆ. ನಮ್ಮ ಭಾಗದಲ್ಲಿ ಇಂಥ ಹೆಸರುಗಳು ಹಲವು: ಅಕ್ಕಲಕೋಟ ರೋಡ್, ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್, ಗುಳೇದಗುಡ್ಡ ರೋಡ್. ಕುರ್ಡುವಾಡಿಗೂ ಹಿಂದೆ ಬಾರ್ಶಿ ರೋಡ್ ಎಂದೇ ಹೆಸರು. ‘ಈ ಊರಿಗೆ ಹೋಗುವ ರಸ್ತೆ ಇಲ್ಲಿಂದ’ ಎಂಬಷ್ಟೇ ಇದರ ಅರ್ಥ. ಹಳಿ ಯಾವ ಊರನ್ನು ಮುಟ್ಟಿತು, ಯಾವುದನ್ನು ಬಿಟ್ಟು ಹೋಯಿತು ಎಂಬುದನ್ನು ಈ ಹೆಸರುಗಳೇ ತಿಳಿಸುತ್ತವೆ.

ಈಗ ಮೂರು ಅಳತೆಗಳಿಲ್ಲ. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯಂತೆ ಹುಬ್ಬಳ್ಳಿ, ಬೆಳಗಾವಿಗಳ ದಾರಿಗಳೂ, ತರುವಾಯ ತುಂಡುತುಂಡಾಗಿ ಗದಗ–ಹೋಟಗಿ ದಾರಿಯೂ, 2001ರಿಂದೀಚಿನ ಹತ್ತು ವರ್ಷಗಳಲ್ಲಿ ಪಂಢರಪುರ, ಲಾತೂರು, ಮೀರಜಗಳ ಸಣ್ಣ ಹಳಿಯೂ ಬ್ರಾಡ್ ಆದವು. ಇದರಿಂದ ಆದ ಲಾಭವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಹೋಟಗಿಯಲ್ಲಿ ಮೂಟೆ ಇಳಿಸಿ ಏರಿಸುವ ಹಮಾಲನ ಬೆನ್ನಿಗೆ ಬಿಡುವಾಯಿತು. ವಿಜಾಪುರದವನು ಗಾಡಿ ಬದಲಿಸದೆ ಮುಂಬಯಿ ಮುಟ್ಟಬಹುದು. ಸರಕಿನ ಸಾಗಾಟ ಸುಲಭವಾಯಿತು.

ನಷ್ಟವಾದದ್ದು ನಿಧಾನದ ಗಾಡಿಯ ಬಳಕೆ. ಕೆಲಸ ನಡೆದ ವರ್ಷಗಳಲ್ಲಿ ಒಂದೊಂದು ತುಂಡು ದಾರಿ ಮುಚ್ಚಿತ್ತು. ಆಗ ಬಸ್ಸು ಹಿಡಿದ ನಮ್ಮ ಹಳ್ಳಿಯ ಅನೇಕರು ಹಳಿ ಮತ್ತೆ ತೆರೆದಾಗ ಮರಳಲಿಲ್ಲ. ಬಸ್ಸಿನ ದರ ಹೆಚ್ಚು. ಐದು ಜನರ ಕುಟುಂಬ ವರ್ಷಕ್ಕೆ ಮೂರು ಸಲ ಹೋಗುವಲ್ಲಿ ಒಂದು ಸಲ ಹೋಯಿತು. ಹಳಿ ಕಣ್ಮರೆಯಾಗದಿದ್ದರೂ ದಾರಿ ಕಡಿದುಹೋಗಬಹುದು ಎಂಬುದಕ್ಕೆ ಇದು ನಿದರ್ಶನ. 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ನಿಮಿತ್ತ ದೇಶದ ಪ್ಯಾಸೆಂಜರ್ ಗಾಡಿಗಳೆಲ್ಲ ನಿಂತಾಗ ಇದು ಮತ್ತೊಮ್ಮೆ ಸ್ಪಷ್ಟವಾಯಿತು. ಅನೇಕ ಗಾಡಿಗಳು ತರುವಾಯ ‘ಎಕ್ಸ್‌ಪ್ರೆಸ್ ವಿಶೇಷ’ ಎಂಬ ಹೆಸರಿನಲ್ಲಿ ಬಂದವು. ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿತು. 2024ರ ಫೆಬ್ರುವರಿಯಲ್ಲಿ ಅದು ಮತ್ತೆ 10ಕ್ಕೆ ಇಳಿಯಿತು. ಈ ನಾಲ್ಕು ವರ್ಷಗಳಲ್ಲಿ ಕೂಲಿಗೆ ಹೋಗುವವರು ಮತ್ತು ವಿದ್ಯಾರ್ಥಿಗಳು ಏನು ಮಾಡಿದರೆಂಬುದನ್ನು ಬರೆದಿಟ್ಟುಕೊಂಡವರು ನಮ್ಮಲ್ಲಿ ಎಷ್ಟು ಜನ?

ಆದುದರಿಂದ ಒಂದು ಸೂಚನೆ. ಗಡಿಭಾಗದ ಪ್ರತಿಯೊಂದು ಪ್ರೌಢಶಾಲೆಯು ತನಗೆ ಸಮೀಪದ ಒಂದು ಸ್ಟೇಶನ್ನನ್ನು ಆರಿಸಿಕೊಳ್ಳಲಿ. ವಿದ್ಯಾರ್ಥಿಗಳು ಮೊದಲು ನಿವೃತ್ತ ಸ್ಟೇಶನ್ ಮಾಸ್ತರರು, ಹಮಾಲರು, ಗ್ಯಾಂಗಿನವರು, ಚಹ ಮಾರಿದವರು, ತವರಿಗೆ ಓಡಾಡಿದ ಹೆಣ್ಣುಮಕ್ಕಳು, ಇವರ ಮಾತನ್ನು ಅವರ ಆಡುನುಡಿಯಲ್ಲಿಯೇ ಬರೆದುಕೊಳ್ಳಲಿ. ಆಗೀನಗಾಡಿ, ಡಬ್ಬಿ, ತಿಕೀಟು ಮೊದಲಾದ ಶಬ್ದಗಳನ್ನು ತಿದ್ದಬಾರದು. ಭಾಷಾಶಾಸ್ತ್ರಕ್ಕೆ ಅವು ಬೇಕು. ಎರಡನೆಯದಾಗಿ, ಕೇಳಿದ್ದನ್ನು ಹಳೆಯ ವೇಳಾಪಟ್ಟಿ, ಜಿಲ್ಲಾ ಗ್ಯಾಸೆಟಿಯರು, ನಕಾಶೆಗಳೊಡನೆ ಹೋಲಿಸಲಿ. ‘ಜತ್ತಕ್ಕೆ ರೇಲ್ವೆ ಇತ್ತು’ ಎಂದು ಒಬ್ಬ ಹಿರಿಯರು ಹೇಳಿದರೆ ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಜತ್ತ ರೋಡಿನ ಸ್ಥಳವನ್ನು ನಕಾಶೆಯಲ್ಲಿ ತೋರಿಸಿದಾಗ ಹುಡುಗನಿಗೆ ನೆನಪಿಗೂ ದಾಖಲೆಗೂ ಇರುವ ಸಂಬಂಧ ತಿಳಿಯುತ್ತದೆ. ಮೂರನೆಯದಾಗಿ, ಕಿತ್ತ ಹಳಿಯ ಒಡ್ಡು, ಸೇತುವೆಯ ಕಂಬ, ಇಂಜಿನಿಗೆ ನೀರು ಕೊಟ್ಟ ತೊಟ್ಟಿ ಎಲ್ಲಿಯಾದರೂ ಉಳಿದಿದ್ದರೆ ಅಳತೆಸಹಿತ ಚಿತ್ರ ಬರೆಯಲಿ. ಈ ಕೆಲಸಕ್ಕೆ ಅನುದಾನ ಬೇಡ. ಒಂದು ದಪ್ಪ ನೋಟುಬುಕ್ಕು, ಎರಡು ರವಿವಾರ, ಕೇಳುವ ತಾಳ್ಮೆ ಸಾಕು. ಮೀಟರ್ ಗಾಡಿಗೆ ಹಸಿರು ನಿಶಾನೆ ತೋರಿಸಿದ ಕೈಗಳು ನಮ್ಮೂರುಗಳಲ್ಲಿ ಇನ್ನೂ ಕೆಲವು ಇವೆ. ಮೊದಲು ಅವರ ಮನೆಗೆ ಹೋಗಬೇಕು.