ತಿದ್ದಿದವರ ಸಹಿ ಎಲ್ಲಿ?

ತಪ್ಪು ಕಲ್ಪನೆ: ಬ್ಲಾಕ್‌ಚೈನ್‌ನಲ್ಲಿ ಬರೆದದ್ದನ್ನು ಬ್ರಹ್ಮ ಬಂದರೂ ಅಳಿಸಲಾರ.

ವಾಸ್ತವ: ಬ್ರಹ್ಮ ಬೇಕಿಲ್ಲ, ಬಹುಮತ ಸಾಕು. 2010ರ ಆಗಸ್ಟ್‌ನಲ್ಲಿ ತಂತ್ರಾಂಶದ ದೋಷದಿಂದ 18,400 ಕೋಟಿ ಬಿಟ್‌ಕಾಯಿನ್ ಹುಟ್ಟಿಕೊಂಡವು. ಒಟ್ಟು ಮಿತಿಯೇ 2.1 ಕೋಟಿ! ದೋಷ ಸರಿಪಡಿಸಿ, ಆ ಬ್ಲಾಕ್ ಇಲ್ಲದ ಬೇರೆ ಸರಪಳಿ ಬೆಳೆಸಿದರು. 2016ರಲ್ಲಿ ‘ದಿ ಡಿಎಓ’ ನಿಧಿಯಿಂದ ಸುಮಾರು 36 ಲಕ್ಷ ಈಥರ್ ನಾಣ್ಯಗಳನ್ನು ಲಪಟಾಯಿಸಿದಾಗ ಎಥೆರಿಯಮ್ ಬಳಗ ನಿಯಮವನ್ನೇ ಬದಲಿಸಿತು. ಒಪ್ಪದವರು ಹಳೆಯ ಸರಪಳಿಯಲ್ಲೇ ಉಳಿದರು; ಅದೇ ಎಥೆರಿಯಮ್ ಕ್ಲಾಸಿಕ್.

ತಪ್ಪು ಕಲ್ಪನೆ: ತಿದ್ದಲು ಬಾಗಿಲಿಟ್ಟರೆ ಕಂಡಕಂಡವರೆಲ್ಲ ನುಗ್ಗುತ್ತಾರೆ.

ವಾಸ್ತವ: ಹ್ಯಾಶ್ ಎಂದರೆ ಬರಹದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು. ಸಾಮಾನ್ಯ ಹ್ಯಾಶ್‌ನಲ್ಲಿ ಒಂದಕ್ಷರ ಬದಲಾದರೂ ಮುಂದಿನ ಬ್ಲಾಕ್‌ನ ಕೊಂಡಿ ಕಳಚುತ್ತದೆ. ‘ಊಸರವಳ್ಳಿ ಹ್ಯಾಶ್’ ಹಾಗಲ್ಲ. ಗುಟ್ಟಿನ ಕೀಲಿ ಇದ್ದವರು ಬೇರೆ ಬರಹಕ್ಕೂ ಅದೇ ಹ್ಯಾಶ್ ಬರುವಂತೆ ಮಾಡಬಲ್ಲರು; ಇಲ್ಲದವರಿಗೆ ಅದು ಎಂದಿನಷ್ಟೇ ಕಷ್ಟ. ಜುಸೆಪ್ಪೆ ಅಟೆನಿಯೆಸೆ ಮತ್ತು ಸಂಗಡಿಗರು ಇದನ್ನು ಬ್ಲಾಕ್‌ಚೈನ್‌ಗೆ ಅಳವಡಿಸುವ ವಿಧಾನವನ್ನು 2017ರಲ್ಲಿ ಮಂಡಿಸಿದರು. ಕೀಲಿಯನ್ನು ಹಲವರಿಗೆ ಹಂಚಿಡಲೂಬಹುದು.

ತಪ್ಪು ಕಲ್ಪನೆ: ತಿದ್ದಿದವರು ಯಾರೆಂದು ತಾನಾಗಿಯೇ ಗೊತ್ತಾಗುತ್ತದೆ.

ವಾಸ್ತವ: ಇಲ್ಲ. ನಿಜವಾದ ತೊಡಕು ಇರುವುದೇ ಇಲ್ಲಿ. ಹ್ಯಾಶ್ ಬದಲಾಗದ ಮೇಲೆ ಕೊಂಡಿಗಳು ಯಾರ ವಿರುದ್ಧವೂ ಸಾಕ್ಷಿ ಹೇಳವು. ಕಂದಾಯ ಕಚೇರಿಯ ವಹಿಯಲ್ಲಿ ಹೊಡೆದು ಬರೆದ ಜಾಗದ ಪಕ್ಕ ಹಾಕುವ ಸಣ್ಣ ಸಹಿಯನ್ನು ಇಲ್ಲಿ ಬೇರೆಯಾಗಿಯೇ ಹೆಣೆಯಬೇಕು. 2019ರಲ್ಲಿ ಬಂದ ಒಂದು ವಿಧಾನ ಹುದ್ದೆ, ವಿಭಾಗಗಳಂಥ ಅರ್ಹತೆ ನೋಡಿ ತಿದ್ದುವ ಹಕ್ಕು ಕೊಟ್ಟಿತು. ಆದರೆ ಒಂದೇ ಅರ್ಹತೆ ಹತ್ತು ಜನರಿಗಿದ್ದರೆ ಕೈಯಾಡಿಸಿದವರು ಯಾರು? ಯಾಂಗುವಾಂಗ್ ತಿಯಾನ್ ಮತ್ತು ಸಂಗಡಿಗರು 2020ರಲ್ಲಿ ಉತ್ತರ ಹುಡುಕಿದರು: ಪ್ರತಿ ತಿದ್ದುಪಡಿಯನ್ನೂ ತಿದ್ದಿದವರಿಗೇ ಕಟ್ಟಿಹಾಕುವುದು. ಯಾರಾದರೂ ತಮ್ಮ ಹಕ್ಕನ್ನು ಒಂದು ಉಪಕರಣದೊಳಗೆ ತುಂಬಿ ಮಾರಿಕೊಂಡರೂ, ಅದನ್ನು ಬಿಚ್ಚದೆ ಹೊರಗಿನಿಂದಲೇ ಪರೀಕ್ಷಿಸಿ ಮೂಲ ಹಿಡಿಯಬಹುದು. ಹಾಗೆ ಹೆಸರು ಬಯಲು ಮಾಡುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬುದನ್ನು ಮಾತ್ರ ಗಣಿತ ತೀರ್ಮಾನಿಸದು. ನನಗೆ ಕೀಲಿಗಿಂತ ಅದರದೇ ಚಿಂತೆ.

ತಪ್ಪು ಕಲ್ಪನೆ: ಕೀಲಿಯಿಲ್ಲದೆ ತಿದ್ದಲಾಗದು.

ವಾಸ್ತವ: ಡೊಮಿನಿಕ್ ಡೊಯ್ಬರ್ ಮತ್ತು ಸಂಗಡಿಗರ 2019ರ ವಿಧಾನದಲ್ಲಿ ಕೀಲಿಯೇ ಇಲ್ಲ. ಬೇಡಿಕೆ ಎಲ್ಲರ ಮುಂದಿರುತ್ತದೆ, ಹೊಸ ಬ್ಲಾಕ್ ಸೇರಿಸುವ ಗಣಿಗಾರರು ಮತ ಹಾಕುತ್ತಾರೆ, ಮತಗಳು ಸರಪಳಿಯಲ್ಲೇ ದಾಖಲಾಗುತ್ತವೆ.

ತಪ್ಪು ಕಲ್ಪನೆ: ತಿದ್ದುಪಡಿಯಾದರೆ ಹಳೆಯದು ಮಾಯ.

ವಾಸ್ತವ: ಐರೋಪ್ಯ ಒಕ್ಕೂಟದ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮ, ಭಾರತದ 2023ರ ಕಾಯ್ದೆ ಎರಡೂ ವೈಯಕ್ತಿಕ ಮಾಹಿತಿ ಅಳಿಸಲು ಕೇಳುವ ಹಕ್ಕು ಕೊಡುತ್ತವೆ. ಹಾಗೆ ಕೇಳಿದಾಗ ಸರಪಳಿ ತಿದ್ದಿದ ಮೇಲೆ ಪ್ರಾಮಾಣಿಕ ಕಂಪ್ಯೂಟರುಗಳು ಹೊಸ ರೂಪವನ್ನಷ್ಟೇ ಇಟ್ಟುಕೊಳ್ಳುತ್ತವೆ. ಆದರೆ ಮೊದಲೇ ನಕಲು ಮಾಡಿಟ್ಟುಕೊಂಡವರ ಡಿಸ್ಕ್‌ಗೆ ಯಾವ ಹ್ಯಾಶ್ ಕೂಡ ಕೈಹಾಕಲಾರದು. ಅಲ್ಲಿಗೆ ನ್ಯಾಯಾಲಯದ ಆದೇಶವೇ ಹೋಗಬೇಕು.