ದೀಪ ಹತ್ತುವ ಗಳಿಗೆ

ಏಪ್ರಿಲ್ ತಿಂಗಳ ಬೆಳಗು. ಸ್ಟುಟ್‌ಗಾರ್ಟ್ ನಗರದಂಚಿನ ನಮ್ಮ ಬೀದಿಯಲ್ಲಿ ಇಬ್ಬನಿ ಇನ್ನೂ ಆರಿಲ್ಲ. ಪಕ್ಕದ ಮನೆಯ ಅಜ್ಜ ಮತ್ತು ನಾನು ಸೇರಿ 1971ರ ಫೋಕ್ಸ್‌ವ್ಯಾಗನ್ ಕ್ಯಾಂಪರನ್ನು ಶೆಡ್ಡಿನಿಂದ ಹೊರಗೆ ತಳ್ಳಿದೆವು. ಒಳಗೆ ಮಡಚುವ ಹಾಸಿಗೆ, ಪುಟ್ಟ ಒಲೆ, ಚೌಕಳಿ ಪರದೆ. ನಂಬರ್ ಪ್ಲೇಟಿನ ಕೊನೆಗೆ, 30 ವರ್ಷ ದಾಟಿದ ಗಾಡಿಗಳಿಗೆ ಸಿಗುವ ‘ಎಚ್’ ಅಕ್ಷರ.

ಸ್ಟಾರ್ಟ್ ಮಾಡಲು ಹೋದ ನನ್ನನ್ನು ಅಜ್ಜ ತಡೆದರು. “ತಡೀರಿ, ಎಂಜಿನ್ ತಣ್ಣಗಿರುವಾಗಲೇ ಟೈಮಿಂಗ್ ನೋಡಬೇಕು.”

ಹಿಂಬದಿಯ ಮುಚ್ಚಳ ಎತ್ತಿದರು. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕಂಡಿತು, ನಮ್ಮೂರ ಗ್ಯಾರೇಜಿನವರ ಬಾಯಲ್ಲಿ ಅದು ‘ಡೆಲ್ಕೋ’. ಮೊದಲು ಅದರೊಳಗಿನ ಪಾಯಿಂಟಿನ, ಅಂದರೆ ತೆರೆದಾಗ ಕಿಡಿ ಹಾರಿಸುವ ಸ್ವಿಚ್ಚಿನ, ಸಂದು 0.4 ಮಿ.ಮೀ.ಗೆ ಬಂತು. ಪಾಯಿಂಟ್ ಸವೆದು ಸಂದು ಕಿರಿದಾದರೆ ಕಿಡಿ ತಡವಾಗುತ್ತದೆ; ತಡವಾದರೆ ಎಳೆತ ಸೊರಗಿ ಎಂಜಿನ್ ಕಾಯುತ್ತದೆ. ಕಿಡಿ ತೀರಾ ಬೇಗವಾದರೆ ನಾಕಿಂಗ್. ಗಾಳಿಯಿಂದ ತಣಿಯುವ ಈ ಎಂಜಿನ್ನಿನಲ್ಲಿ ಫ್ಯಾನಿನ ಅಬ್ಬರಕ್ಕೆ ಆ ಬಡಿತ ಕೇಳಿಸದೆಯೇ ಪಿಸ್ಟನ್ ಹಾಳಾಗಬಹುದು.

ಇದಕ್ಕೆ ಹಾಕಿರುವುದು ಬಾಷ್ 009 ಡಿಸ್ಟ್ರಿಬ್ಯೂಟರ್. ಪಿಸ್ಟನ್ ತುದಿ ಮುಟ್ಟುವುದಕ್ಕೆ 7.5 ಡಿಗ್ರಿ ಮೊದಲೇ ಕಿಡಿ ಹಾರಬೇಕು, ತಾಳಕ್ಕೆ ಮುಂಚೆಯೇ ಎತ್ತಿಕೊಳ್ಳುವ ಅತೀತ ಎಡುಪಿನ ಹಾಗೆ. ಬೆಂಕಿ ಹರಡಲು ಹೊತ್ತು ಬೇಕಲ್ಲ! ಐಡ್ಲಿಂಗಿನಲ್ಲಿ ಆ 7.5 ಡಿಗ್ರಿ ಎಂದರೆ ಸುಮಾರು ಒಂದೂವರೆ ಮಿಲಿಸೆಕೆಂಡ್. ವೇಗ ಏರಿದಾಗ ಒಳಗಿನ ಪುಟ್ಟ ತೂಕಗಳು ಹೊರಚಾಚಿ ಕಿಡಿಯನ್ನು 30 ಡಿಗ್ರಿಯ ಆಸುಪಾಸಿನಷ್ಟು ಮೊದಲೇ ಹಾರಿಸುತ್ತವೆ.

ಅಜ್ಜ ಸ್ಪ್ಯಾನರ್ ಹಿಡಿದು ಪುಲ್ಲಿ ತಿರುಗಿಸಿದರು. ಅಂಚಿನಲ್ಲಿ ಆ 7.5 ಡಿಗ್ರಿ ತೋರಿಸುವ ಕಚ್ಚು, ಎಂಜಿನ್ನಿನ ಎರಡು ಹೋಳು ಕೂಡುವ ಗೆರೆಗೆ ಬಂದು ನಿಂತಿತು. ಹನ್ನೆರಡು ವೋಲ್ಟಿನ ಪುಟ್ಟ ಬಲ್ಬಿನ ಒಂದು ತಂತಿ ಕಾಯಿಲಿಗೆ, ಇನ್ನೊಂದು ಅರ್ತಿಗೆ. ಕೀ ತಿರುಗಿಸಿದರೂ ಬಲ್ಬ್ ಹತ್ತಲಿಲ್ಲ, ಪಾಯಿಂಟ್ ಇನ್ನೂ ಮುಚ್ಚಿತ್ತು. ಎರಡೂ ಕೈಯಲ್ಲಿ ಡಿಸ್ಟ್ರಿಬ್ಯೂಟರ್ ಹಿಡಿದು ಎಡಕ್ಕೆ ಕೂದಲೆಳೆಯಷ್ಟೇ ಹೊರಳಿಸಿದರು. ಬಲ್ಬ್ ಮಿನುಗಿತು. ಆ ಕ್ಷಣವೇ ಕೈ ನಿಂತಿತು. ನಟ್ ಬಿಗಿಯಾಯಿತು.

ಮುಗಿಯಿತೆಂದುಕೊಂಡೆ. ಅಜ್ಜ ಪುಲ್ಲಿಯನ್ನು ಎರಡು ಪೂರ್ತಿ ಸುತ್ತು ತಿರುಗಿಸಿದರು. ಬಲ್ಬ್ ಹತ್ತಿತು, ಆದರೆ ಕಚ್ಚು ಗೆರೆಯನ್ನು ತುಸು ದಾಟಿದ ಮೇಲೆ. ಬಿಗಿಯುವಾಗ ಜಾರಿತ್ತು. ಒಂದು ಮಾತೂ ಆಡದೆ ನಟ್ ಸಡಿಲಿಸಿ ಮೊದಲಿನಿಂದ ಶುರು ಮಾಡಿದರು. ಮತ್ತೆ ಎರಡು ಸುತ್ತು.

ಈ ಸಲ ಕಚ್ಚು ಗೆರೆಗೆ ಬಂದದ್ದೂ ಬಲ್ಬ್ ಹತ್ತಿದ್ದೂ ಒಟ್ಟಿಗೆ. ಅಜ್ಜ ಕೈ ಒರೆಸಿಕೊಂಡು, ಕೀಯನ್ನು ನನ್ನ ಕೈಗಿಟ್ಟರು.